ಹಿಂದಿನ ಸೀಟಿನ ಹೂಂ

ಪುಸ್ತಕದಕ್ಕನಿಗೆ ಕಾರು ಓಡಿಸಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಬರುತ್ತಿತ್ತು. ನಾಲ್ಕು ಜನ ಕೂತು ಓಡಿಸಿದರೆ ಬಹಳ ಚೆನ್ನಾಗಿಯೇ ಬರುತ್ತಿತ್ತು. ತೊಂದರೆ ಇದ್ದದ್ದು ಇಷ್ಟೇ: ಲೈಸೆನ್ಸ್ ಕೊಡುವ ಕಚೇರಿಯವರು ಪರೀಕ್ಷೆಯ ದಿನ ಮನೆಯವರನ್ನೆಲ್ಲ ಗೇಟಿನ ಹೊರಗೇ ನಿಲ್ಲಿಸುತ್ತಿದ್ದರು.

ಆ ನಾಲ್ವರು ಯಾರು ಯಾರು ಎಂದು ಹೇಳಿಬಿಡುತ್ತೇನೆ. ಸ್ಟೀರಿಂಗಿನ ಹಿಂದೆ ಪುಸ್ತಕದಕ್ಕ, ವಯಸ್ಸು ನಲವತ್ತೇಳು, ಲೈಬ್ರರಿಯಲ್ಲಿ ಸಹಾಯಕಿ. ಪಕ್ಕದಲ್ಲಿ ನಾದಿನಿ, ಶಾಲೆಯಲ್ಲಿ ಆಟದ ಟೀಚರು. ಕಾರು ಅವಳದು, ಕೊರಳಿನ ಸೀಟಿಯೂ ಅವಳದೇ. ಬ್ರೇಕ್ ಹಾಕಬೇಕಾದಾಗ ಅವಳು ಬಾಯಲ್ಲಿ ಹೇಳುತ್ತಿರಲಿಲ್ಲ, ಸೀಟಿ ಊದುತ್ತಿದ್ದಳು. ಗಾಜು ಮುಚ್ಚಿದ ಕಾರಿನೊಳಗೆ ಮೈದಾನದ ಸೀಟಿ ಊದಿದರೆ ಬ್ರೇಕು ತಾನಾಗಿಯೇ ಬೀಳುತ್ತದೆ, ಅದಕ್ಕೆ ಬುದ್ಧಿ ಬೇಕಾಗಿಲ್ಲ. ಹಿಂದಿನ ಸೀಟಿನಲ್ಲಿ ಒಂದು ಕಡೆ ಗಂಡ. ಅವನು ಟೈಲರು, ದಿನಕ್ಕೆ ಹತ್ತು ಮಾತಾಡಿದರೆ ಅದೇ ಹೆಚ್ಚು, ಆ ಹತ್ತೂ ಇಂಚಿನ ಲೆಕ್ಕದಲ್ಲಿ. "ಒಂದಿಂಚು ಎಡಕ್ಕೆ ಬಿಡು. ಹಾಂ. ಅರ್ಧ ಇಂಚು ಒಳಗೆ ತಗೋ." ಅವನ ಮಾತು ಕೇಳಿದರೆ ಕಾರು ಗೋಡೆಗೆ ತಾಗುತ್ತಿರಲಿಲ್ಲ. ಇನ್ನೊಂದು ಕಡೆ ಅತ್ತೆ.

ಅತ್ತೆಯ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು. ಬಟ್ಟೆ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಮಗ್ಗದ ಮುಂದೆ ನಿಂತವರು. ಮನುಷ್ಯರು ಮಾತಾಡಿದರೆ ಅವರಿಗೆ ಅರ್ಧ ಕೇಳಿಸುತ್ತಿರಲಿಲ್ಲ, ಯಂತ್ರ ಮಾತಾಡಿದರೆ ಅಷ್ಟೂ ಕೇಳಿಸುತ್ತಿತ್ತು. ಆಯಸ್ಸಿನಲ್ಲಿ ಒಮ್ಮೆಯೂ ಸ್ಟೀರಿಂಗ್ ಮುಟ್ಟಿದವರಲ್ಲ. ಆದರೆ ಎಂಜಿನ್ ಸದ್ದಿನಿಂದಲೇ ಗೇರು ಬದಲಿಸುವ ಹೊತ್ತು ಗೊತ್ತಾಗಿಬಿಡುತ್ತಿತ್ತು. ಆಗ ಗಂಟಲಿನಿಂದ "ಹೂಂ" ಎನ್ನುತ್ತಿದ್ದರು. ಒಂದು ಹೂಂ ಎಂದರೆ ಗೇರು ಮೇಲಕ್ಕೆ, ಎರಡು ಹೂಂ ಎಂದರೆ ಕೆಳಕ್ಕೆ. ಸೊಸೆಯ ಕೈ ಆ ಹೂಂಗೆ ಹೊಂದಿಕೊಂಡಿತ್ತು, ತಲೆಯವರೆಗೆ ಸುದ್ದಿಯೇ ಹೋಗುತ್ತಿರಲಿಲ್ಲ. ಅಂದಹಾಗೆ ಅತ್ತೆ ಯಾವ ವಾಹನದಲ್ಲೂ ಕಣ್ಣು ಮುಚ್ಚಿದವರಲ್ಲ. ಇಡೀ ರಾತ್ರಿಯ ಬಸ್ಸಿನಲ್ಲೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಡ್ರೈವರನ ಕತ್ತನ್ನೇ ನೋಡುತ್ತಾ ಕೂರುವವರು. "ನಂಬಿಕೆ ಇದ್ದೋರು ಮಲಗ್ತಾರೆ, ನನಗೆ ಇಲ್ಲಿ ತನಕ ಅಂಥ ಡ್ರೈವರ್ ಸಿಕ್ಕಿಲ್ಲ" ಎನ್ನುತ್ತಿದ್ದರು.

ಇನ್ನು ಈ ವಯಸ್ಸಿನಲ್ಲಿ ಪುಸ್ತಕದಕ್ಕನಿಗೆ ಲೈಸೆನ್ಸ್ ಯಾಕೆ ಬೇಕಾಯಿತು? ಲೈಬ್ರರಿಗೆ ಒಂದು ವ್ಯಾನು ಇತ್ತು. ಒಳಗೆ ಎರಡೂ ಕಡೆ ಕಪಾಟು, ಕಪಾಟಿನ ತುಂಬ ಪುಸ್ತಕ. ವಾರಕ್ಕೆ ಐದು ದಿನ ಅದು ಊರೆಲ್ಲ ಸುತ್ತುತ್ತಿತ್ತು: ಆಸ್ಪತ್ರೆಯ ಹಿಂದಿನ ಗೇಟು, ಅಂಗಿಯ ಗುಂಡಿ ಮಾಡುವ ಕಾರ್ಖಾನೆ, ವೃದ್ಧಾಶ್ರಮ, ಕೊನೆಯ ಬಸ್ ಸ್ಟಾಪಿನ ಆಚೆಯ ಕ್ವಾರ್ಟರ್ಸು. ಹನ್ನೊಂದು ವರ್ಷದಿಂದ ಆ ವ್ಯಾನಿನಲ್ಲಿ ಪುಸ್ತಕ ಕೊಡುತ್ತಿದ್ದವಳು ಇವಳೇ, ಹೆಸರು ಬಂದದ್ದೂ ಅಲ್ಲಿಂದಲೇ. ಈಗ ಡ್ರೈವರಣ್ಣ ನಿವೃತ್ತನಾಗುವವನಿದ್ದ. ಹೊಸ ಡ್ರೈವರನ್ನು ಕೊಡುವುದಿಲ್ಲ ಎಂದು ಮೇಲಿನವರು ಬರೆದು ಕಳಿಸಿದ್ದರು. ಇರುವವರಲ್ಲಿ ಯಾರಾದರೂ ಲೈಸೆನ್ಸ್ ಮಾಡಿಸಿಕೊಂಡರೆ ವ್ಯಾನು ಓಡುತ್ತದೆ, ಇಲ್ಲದಿದ್ದರೆ ಮುರಿದ ಕುರ್ಚಿ ತುಂಬಿಡುವ ಕೋಣೆಯಾಗುತ್ತದೆ ಎಂದು ಲೈಬ್ರರಿಯ ಮುಖ್ಯಸ್ಥರು ಹೇಳಿದರು. ಪುಸ್ತಕದಕ್ಕ ಹಿಂದುಮುಂದು ನೋಡದೆ ಕೈ ಎತ್ತಿಬಿಟ್ಟಳು. ಎತ್ತಿದ ಕೈ ಇಳಿಸುವಷ್ಟರಲ್ಲಿ ಮುಖ್ಯಸ್ಥರು ಅವಳ ಹೆಸರು ಬರೆದುಕೊಂಡಾಗಿತ್ತು.

ಪರೀಕ್ಷೆ ಮಾಡುವವರನ್ನು ಎಲ್ಲರೂ ಪೆನ್ಸಿಲ್ ಸಾಹೇಬರು ಎಂದು ಕರೆಯುತ್ತಿದ್ದರು. ಅವರು ಮಾತಾಡುತ್ತಿರಲಿಲ್ಲ. ಎಡಕ್ಕೆ ಪೆನ್ಸಿಲ್ ತೋರಿಸಿದರೆ ಎಡಕ್ಕೆ, ಬಲಕ್ಕೆ ತೋರಿಸಿದರೆ ಬಲಕ್ಕೆ, ಮೊಣಕಾಲಿನ ಮೇಲೆ ಮಲಗಿಸಿದರೆ ನಿಲ್ಲಿಸು ಎಂದು ಅರ್ಥ. ಮೊದಲ ಪರೀಕ್ಷೆಯ ದಿನ ಪಾಪ ಅವರಿಗೆ ನೆಗಡಿ, ಗಂಟಲು ಕೆರೆಯುತ್ತಿತ್ತು. ಕಾರು ಕ್ಷೌರದಂಗಡಿಯ ಗಲ್ಲಿಗೆ ತಿರುಗಿದಾಗ ಅವರು ಮರ್ಯಾದೆಯಿಂದ ಒಮ್ಮೆ ಕೆಮ್ಮಿದರು. ಪುಸ್ತಕದಕ್ಕನ ಕೈ ಮೂರನೇ ಗೇರಿಗೆ ಹೋಯಿತು. ಅವರು ಗಾಬರಿಯಾಗಿ ಇನ್ನೊಮ್ಮೆ ಕೆಮ್ಮಿದರು. ನಾಲ್ಕನೇ ಗೇರು. ಹೆದರಿಕೆಗೆ ಕೆಮ್ಮು ಹೆಚ್ಚಾಗುವುದು ಮನುಷ್ಯ ಸಹಜ ತಾನೇ, ಮತ್ತೊಂದು ಬಂತು, ಐದನೇ ಗೇರು ಬಿತ್ತು. ಕಾರು ನಡುಗುತ್ತಾ ಹೋಗುವುದನ್ನು ನೋಡಲು ಕ್ಷೌರದವನು ಅರ್ಧ ಬೋಳಿಸಿದ ಗಡ್ಡವನ್ನು ಕುರ್ಚಿಯಲ್ಲೇ ಬಿಟ್ಟು ಹೊರಗೆ ಬಂದ. ಆಮೇಲೆ ಆ ಗಡ್ಡವೂ ಹೊರಗೆ ಬಂತು.

ಎರಡನೇ ಸಲ ಸಾಹೇಬರ ನೆಗಡಿ ವಾಸಿಯಾಗಿತ್ತು. ಕೆಮ್ಮಲೇ ಇಲ್ಲ. ಪುಸ್ತಕದಕ್ಕ ಇಡೀ ದಾರಿಯನ್ನು ಒಂದನೇ ಗೇರಿನಲ್ಲಿ ಮುಗಿಸಿದಳು. ಎಂಜಿನ್ ಕಿರುಚುತ್ತಿತ್ತು, ಸೈಕಲ್ಲುಗಳು ದಾಟಿ ಹೋದವು, ಮಗುವಿನ ಗಾಡಿ ತಳ್ಳಿಕೊಂಡು ಹೊರಟಿದ್ದ ಹೆಂಗಸೊಬ್ಬಳು ಸ್ವಲ್ಪ ದೂರ ಜೊತೆಗೇ ಬಂದು, ಬೇಸರವಾಗಿ ಮುಂದೆ ಹೋದಳು. ಮೂರನೇ ಸಲ ಕಾರು ಗೇಟಿನಲ್ಲೇ ಆಫ್ ಆಯಿತು. ಅವಳು ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಳು. ಸಾಹೇಬರೂ ಕೂತರು. ಹನ್ನೊಂದು ನಿಮಿಷವಾದ ಮೇಲೆ ಅವಳು ಇಳಿದು, "ಕ್ಷಮಿಸು" ಎಂದು ಕಾರಿಗೇ ಹೇಳಿ ಮನೆಗೆ ಬಂದಳು. ಫಲಿತಾಂಶದ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲಿತ್ತು: "ಅಭ್ಯರ್ಥಿ ಯಾರಿಗೋ ಕಾಯುತ್ತಿರುವಂತೆ ಕಾಣುತ್ತದೆ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತಾರೆ. ಪುಸ್ತಕದಕ್ಕ ನೆಲವನ್ನು ಬೈಯುವವಳಲ್ಲ, ತನ್ನನ್ನೇ ಬೈದುಕೊಂಡಳು. ಟೀಗೆ ಉಪ್ಪು ಹಾಕಿದಳು. ಅಡುಗೆ ಪುಸ್ತಕಗಳನ್ನು ಕಾನೂನಿನ ಕಪಾಟಿಗೆ ಸೇರಿಸಿದಳು, ಒಬ್ಬ ವಕೀಲರು ಮಾತಾಡದೆ ಒಂದನ್ನು ಮನೆಗೂ ಒಯ್ದರು. ಊಟದ ಹೊತ್ತಿಗೆ ಅತ್ತೆ ಗಂಟಲು ಸರಿಮಾಡಿಕೊಂಡರೆ ಸಾಕು, ಇವಳ ಕೈ ಛಕ್ಕನೆ ಹೋಗಿ ನೀರಿನ ಜಗ್ಗನ್ನು ಒಂದನೇ ಗೇರಿನಿಂದ ಎರಡಕ್ಕೆ ತಳ್ಳುತ್ತಿತ್ತು. ನಾಲ್ಕನೇ ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಪರೀಕ್ಷೆ ಗುರುವಾರ, ಡ್ರೈವರಣ್ಣನ ಕೊನೆಯ ದಿನ ಅದೇ ವಾರದ ಶನಿವಾರ.

ಪರೀಕ್ಷೆಗೆ ಹತ್ತು ದಿನ ಇರುವಾಗ ಲೈಬ್ರರಿಯಲ್ಲಿ ಒತ್ತಡ ನಿಭಾಯಿಸುವ ತರಬೇತಿ ಏರ್ಪಾಡಾಯಿತು. ಬಂದ ತರಬೇತಿಯ ಹುಡುಗಿ ಒಳ್ಳೆಯವಳೇ, ಸ್ವಲ್ಪ ಹೆಚ್ಚಾಗಿ ನಗುತ್ತಿದ್ದಳು, ಅಷ್ಟೇ. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟಳು. ಅದರಲ್ಲಿ ಒಂದರೊಳಗೊಂದು ಎರಡು ವೃತ್ತ. ಒಳಗಿನದರಲ್ಲಿ ನಿಮ್ಮೊಳಗೆ ಇರುವ ಬಲ ಬರೆಯಿರಿ, ಹೊರಗಿನದರಲ್ಲಿ ನಿಮಗೆ ಬಲವಾಗಿ ನಿಲ್ಲುವ ಜನರನ್ನು ಬರೆಯಿರಿ ಎಂದಳು. ಪುಸ್ತಕದಕ್ಕ ಹೊರಗಿನ ವೃತ್ತದಲ್ಲಿ ಬರೆದೇ ಬರೆದಳು: ಅತ್ತೆ, ನಾದಿನಿ, ಗಂಡ, ಡ್ರೈವರಣ್ಣ, ಗುಂಡಿ ಕಾರ್ಖಾನೆಯ ಐದು ಹೆಂಗಸರು, ಆಸ್ಪತ್ರೆಯ ಕಾವಲುಗಾರ. ಜಾಗ ಸಾಲದೆ ಹಾಳೆಯ ಅಂಚಿಗೂ ಹೋದಳು. ಒಳಗಿನ ವೃತ್ತ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ ಉಳಿಯಿತು.

"ಏನೂ ಇಲ್ವಾ ಮೇಡಂ? ಧೈರ್ಯ, ತಾಳ್ಮೆ, ಇಂಥದ್ದು?" ಎಂದು ತರಬೇತಿಯ ಹುಡುಗಿ ಬಗ್ಗಿ ಕೇಳಿದಳು.

"ಪುಸ್ತಕ ಯಾವ ಕಪಾಟಲ್ಲಿದೆ ಅಂತ ಗೊತ್ತಿತ್ತು," ಎಂದಳು ಪುಸ್ತಕದಕ್ಕ. "ಈಗ ಅದೂ ಸ್ವಲ್ಪ ಕಷ್ಟ."

ಹುಡುಗಿ ಯೋಚಿಸಿ ಒಂದು ಸಲಹೆ ಕೊಟ್ಟಳು. ಒಂದು ವಾರ ಮನೆಯವರನ್ನು ದೂರ ಇಟ್ಟು ಅಭ್ಯಾಸ ಮಾಡಿ ನೋಡಿ, ನಿಮ್ಮೊಳಗೆ ಏನಿದೆ ಅನ್ನುವುದು ಆಗ ಗೊತ್ತಾಗುತ್ತದೆ ಎಂದಳು. ಕೇಳುವುದಕ್ಕೆ ಬಹಳ ಸರಿಯಾಗಿತ್ತು. ಆದರೆ ಆ ಹುಡುಗಿಗೆ ಅತ್ತೆಯ ಪರಿಚಯ ಇರಲಿಲ್ಲ.

ಪುಸ್ತಕದಕ್ಕ ಮನೆಯಲ್ಲಿ ಈ ಮಾತು ಎತ್ತಿದಳು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಜೊತೆ ಒಬ್ಬಳೇ ಹೋಗ್ತೀನಿ, ನೀವೆಲ್ಲ ಒಂದು ವಾರ ಮನೆಯಲ್ಲೇ ಇರಿ ಎಂದಳು. ನಾದಿನಿ ಸೀಟಿಯನ್ನು ಬಿಚ್ಚಿ ಮೊಳೆಗೆ ತೂಗುಹಾಕಿದಳು. "ಆಯ್ತು ಅತ್ತಿಗೆ, ನಮ್ಮಿಂದ ತೊಂದರೆ ಆಗ್ತಿತ್ತು ಅಂತ ಮೊದಲೇ ಹೇಳಬಹುದಿತ್ತು" ಎಂದಳು. ಗಂಡ ಮರುದಿನ ಒಬ್ಬ ಗಿರಾಕಿಯ ಅಂಗಿಗೆ ಮೂರು ತೋಳು ಕತ್ತರಿಸಿದ. ಅತ್ತೆಯಂತೂ ಹೂಂ ಎನ್ನುವುದನ್ನೇ ನಿಲ್ಲಿಸಿದರು. ಟೀ ಬೇಕಾ ಅತ್ತೆ ಎಂದರೂ ಇಲ್ಲ, ಮಲಗ್ತೀರಾ ಎಂದರೂ ಇಲ್ಲ, ಬರೀ ತಲೆ ಆಡಿಸುವುದು. ಆ ಮನೆಯಲ್ಲಿ ಹೂಂಗೆ ಬರ ಬಂತು.

ಮೇಷ್ಟ್ರ ಕಾರಿನಲ್ಲಿ ಅವರ ಕಾಲಿಗೇ ಬೇರೆ ಬ್ರೇಕು ಇತ್ತು, ಕಿವಿಯಲ್ಲಿ ಫೋನು ಇತ್ತು. ವಾರವಿಡೀ ಅವರು ತಮ್ಮ ಮನೆಯ ಸಿಂಕು ಸೋರುವ ವಿಷಯವನ್ನು ಯಾರಿಗೋ ಹೇಳುತ್ತಾ, ಬೇಕಾದಾಗ ತಾವೇ ಬ್ರೇಕ್ ತುಳಿಯುತ್ತಾ, ತಾವೇ ಗೇರು ತಳ್ಳುತ್ತಾ ಕೂತರು. ಪುಸ್ತಕದಕ್ಕ ಕಲಿತದ್ದು ಸಿಂಕಿನ ಬಗ್ಗೆ ಮಾತ್ರ. ಎತ್ತು ಏರಿಗೆ ಕೋಣ ನೀರಿಗೆ ಎನ್ನುವ ಹಾಗೆ ಮನೆಯ ಮೂವರು ಮೂರು ಕಡೆ ಎಳೆಯುತ್ತಿದ್ದರು, ನಿಜ. ಆದರೂ ಗಾಡಿ ಮುಂದೆ ಹೋಗುತ್ತಿತ್ತಲ್ಲ ಎಂದು ಅವಳಿಗೆ ಅಳು ಬಂತು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತಿದ್ದರು. ಪುಸ್ತಕದಕ್ಕ ಹೋಗಿ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಇಬ್ಬರೂ ಸುಲಿದರು.

"ಅತ್ತೆ, ಗೇರು ಯಾವಾಗ ಹಾಕಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ನನಗೇನು ಗೊತ್ತು. ನಾನು ಬರೀ ಹಿಂದಿನ ಸೀಟು."

"ಹಾಗನ್ನಬೇಡಿ ಅತ್ತೆ. ನೀವಿಲ್ಲದೆ ನನ್ನ ಕೈಲಿ ಆಗಲ್ಲ. ವಾರದಿಂದ ಒಂದು ಗೇರೂ ನೆಟ್ಟಗೆ ಬಿದ್ದಿಲ್ಲ. ನಾಳೆ ನಾನು ಫೇಲಾದ್ರೆ ವ್ಯಾನಲ್ಲಿ ಮುರಿದ ಕುರ್ಚಿ ತುಂಬ್ತಾರೆ."

ಅತ್ತೆ ಒಂದು ಕಾಯಿ ಸುಲಿದು ಮುಗಿಸಿ ಹೇಳಿದರು, "ಗಾಡಿ ಹೇಳುತ್ತೆ."

"ನನಗೆ ಹೇಳಲ್ವಲ್ಲ."

"ನಿನಗೂ ಹೇಳುತ್ತೆ ಕಣೇ. ನಿನ್ನ ಕಿವಿ ನನ್ನ ಕಡೆ ಇರುತ್ತೆ, ಅದರ ಕಡೆ ಯಾವತ್ತು ಇಟ್ಟಿದ್ದೀಯ?" ಅತ್ತೆ ಸಿಪ್ಪೆಯನ್ನು ಪಕ್ಕಕ್ಕೆ ಎಸೆದರು. "ಮಿಲ್ಲಲ್ಲಿ ನನಗೆ ಕೆಲಸ ಕಲಿಸಿದೋಳು ಒಬ್ಬಳು ದೊಡ್ಡಕ್ಕ ಇದ್ದಳು. ನೂಲು ಕಡಿಯೋ ಮೊದಲೇ ಅವಳಿಗೆ ಗೊತ್ತಾಗ್ತಿತ್ತು. ನನ್ನ ಹಿಂದೆ ನಿಂತು ನಾಲಿಗೇಲಿ ಟಕ್ ಅನ್ನೋಳು, ನಾನು ಮಗ್ಗ ನಿಲ್ಲಿಸ್ತಿದ್ದೆ. ಒಂದಿನ ಅವಳನ್ನ ಬೇರೆ ಪಾಳಿಗೆ ಹಾಕಿದ್ರು. ಮೂರು ದಿನ ನನ್ನ ನೂಲೆಲ್ಲ ಕಡೀತು. ನಾಲ್ಕನೇ ದಿನ ನಾನೇ ಟಕ್ ಅಂದೆ."

"ನೀವೇ?"

"ಅವಳ ಹಾಗೇ ಅಂದೆ. ಅವಳ ಹಾಗೆ ಮುಖಾನೂ ಸೊಟ್ಟಗೆ ಮಾಡ್ದೆ. ಸೂಪರ್‌ವೈಸರ್ ನನ್ನ ನೋಡಿ ಇವಳಿಗೆ ಹುಚ್ಚು ಅಂದ. ಬಟ್ಟೆ ನೋಡಿ ಬಾಯಿ ಮುಚ್ಕೊಂಡ." ಅತ್ತೆ ಬಟಾಣಿಯ ಪಾತ್ರೆಯನ್ನು ಕೆಳಗಿಟ್ಟು ಅದರ ಮುಚ್ಚಳವನ್ನು ಸೊಸೆಯ ಕೈಗೆ ಕೊಟ್ಟರು. "ಹಿಡ್ಕೋ, ಇದು ಸ್ಟೀರಿಂಗು. ನಾನು ಗಾಡಿ. ಹೂಂ ಅನ್ನೋಳು ನೀನು."

ಹಾಗೆಂದವರೇ ಎಪ್ಪತ್ನಾಲ್ಕು ವರ್ಷದ ಆ ಹೆಂಗಸು ಗುರ್ರ್ ಎಂದು ಸ್ಟಾರ್ಟ್ ಆದರು. ಗುರ್ರ್ ಮೆಲ್ಲಗೆ ಏರಿತು, ಇನ್ನಷ್ಟು ಏರಿತು, ಕತ್ತಿನ ನರ ಉಬ್ಬಿತು. ಸೊಸೆ ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂತದ್ದರಿಂದ ಗಾಡಿಗೆ ಉಸಿರು ಕಟ್ಟಿ ಆಫ್ ಆಯಿತು. "ಗಾಡಿ ಕೊಲ್ತೀಯೇನೇ?" ಎಂದು ಗಾಡಿ ಕೇಳಿತು. ಎರಡನೇ ಸಲ ಸೊಸೆ ಬೇಗ ಹೂಂ ಅಂದಳು, ಗಾಡಿ ಕಟಕಟ ಎಂದು ಕೆಮ್ಮಿತು. ಏಳನೇ ಸಲಕ್ಕೆ ಹೂಂ ಸರಿಯಾದ ಜಾಗದಲ್ಲಿ ಬಿತ್ತು, ಅದೂ ಅತ್ತೆಯದೇ ಗಂಟಲಿನಲ್ಲಿ. ಅತ್ತೆ ಖುಷಿಯಿಂದ ಇಳಿಜಾರಿನಲ್ಲಿ ಓಡಿದರು, ಅಂದರೆ ಕೂತಲ್ಲೇ. ಪಾರ್ಸೆಲ್ ಕೊಡಲು ಬಂದವನೊಬ್ಬ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ನೋಡಿ, ಪಾರ್ಸೆಲ್ಲನ್ನು ಮೆಲ್ಲಗೆ ನೆಲಕ್ಕಿಟ್ಟು, ಸಹಿ ಕೇಳದೆ ಹೊರಟುಹೋದ.

ಸಂಜೆ ಮನೆಗೆ ಬಂದ ನಾದಿನಿಯನ್ನೂ ಗಂಡನನ್ನೂ ಅವಳು ಬಿಡಲಿಲ್ಲ. ನೀನು ಎಲ್ಲಿ ನೋಡಿ ಸೀಟಿ ಊದ್ತೀಯ, ನೀವು ಯಾವ ಅಂಚು ನೋಡಿ ಇಂಚು ಹೇಳ್ತೀರಿ ಎಂದು ಕೇಳಿ ಕೇಳಿ ಬಾಯಿಪಾಠ ಮಾಡಿದಳು. ಇಷ್ಟು ದಿನ ಅವರು ಹೇಳಿದ್ದನ್ನು ಮಾಡಿದ್ದಳೇ ಹೊರತು ಯಾಕೆ ಹೇಳುತ್ತಾರೆ ಎಂದು ಕೇಳಿರಲಿಲ್ಲ. ನಾದಿನಿ ಸೀಟಿಯನ್ನು ಮೊಳೆಯಿಂದ ತೆಗೆದು ಮತ್ತೆ ಕೊರಳಿಗೆ ಹಾಕಿಕೊಂಡಳು.

ಗುರುವಾರ ಬೆಳಿಗ್ಗೆ ಮೂವರೂ ಕಚೇರಿಯ ಗೇಟಿನ ಹೊರಗೆ ನಿಂತರು. ಪುಸ್ತಕದಕ್ಕ ಕಾರಿನಲ್ಲಿ ಕೂತು ಸೀಟುಬೆಲ್ಟು ಹಾಕಿಕೊಂಡಳು. ಪೆನ್ಸಿಲ್ ಸಾಹೇಬರು ಗಂಟಲಿಗೆ ಒಳ್ಳೆಯದಾದ ಒಂದು ಮಾತ್ರೆಯನ್ನು ಚೀಪುತ್ತಾ ಬಂದು ಪಕ್ಕದಲ್ಲಿ ಕೂತರು. ಮೊದಲ ಪರೀಕ್ಷೆಯ ನೆನಪು ಅವರಿಗೆ ಇನ್ನೂ ಹಸಿಯಾಗಿತ್ತು.

"ಸಾರ್, ನಾನು ಓಡಿಸೋವಾಗ ಸ್ವಲ್ಪ ಮಾತಾಡ್ಕೋತೀನಿ. ಆಗಬಹುದಾ?"

ಸಾಹೇಬರು ನಿಯಮದ ಪುಸ್ತಕವನ್ನು ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ತಿರುವಿದರು. ಬೇಡ ಎಂದು ಎಲ್ಲೂ ಇರಲಿಲ್ಲ. ಪೆನ್ಸಿಲ್ ಎತ್ತಿ ಹೊರಡು ಎಂದು ತೋರಿಸಿದರು.

ಕಾರು ಗೇಟು ದಾಟಿತು. "ಹೂಂ" ಎಂದಳು ಪುಸ್ತಕದಕ್ಕ, ಮುಖ ಸೊಟ್ಟಗೆ ಮಾಡಿ. ಎರಡನೇ ಗೇರು ಬೆಣ್ಣೆಯ ಹಾಗೆ ಬಿತ್ತು. ಮೂಲೆಯಲ್ಲಿ "ಪೀ" ಎಂದು ಕೂಗಿ ಬ್ರೇಕ್ ಒತ್ತಿದಳು, ಸಾಹೇಬರು ಬಾಗಿಲಿನ ಹಿಡಿಕೆ ಹಿಡಿದುಕೊಂಡರು. ಕ್ಷೌರದಂಗಡಿಯ ಗಲ್ಲಿಯಲ್ಲಿ ಗಂಡನ ತಗ್ಗಿದ ದನಿಯಲ್ಲಿ "ಒಂದಿಂಚು ಎಡಕ್ಕೆ ಬಿಡು, ಹಾಂ, ಅಲ್ಲೇ ಮಡಚು" ಎಂದು ಹೇಳಿಕೊಳ್ಳುತ್ತಾ ಒಂದು ಸೈಕಲ್ಲು, ಎರಡು ಕುರ್ಚಿ, ಕ್ಷೌರದವನು, ಎಲ್ಲರನ್ನೂ ತಾಗಿಸದೆ ದಾಟಿದಳು. ಎರಡು ಕಂಬಗಳ ನಡುವೆ ಹಿಂದಕ್ಕೆ ಕಾರು ನಿಲ್ಲಿಸುವಾಗ ಹೊಲಿಗೆಗೆ ಬೇಕಾದಷ್ಟು ಜಾಗವನ್ನೂ ಬಿಟ್ಟಳು.

ಕೊನೆಯ ಏರಿನ ನಡುವೆ ಒಂದು ನಾಯಿ ರಸ್ತೆಗೆ ಅಡ್ಡ ಮಲಗಿತ್ತು. ಅಲ್ಲಿ ಮೂವರೂ ಒಟ್ಟಿಗೆ ಬಾಯಿ ಹಾಕಿದರು. "ಪೀ" ಎಂದಳು ಪುಸ್ತಕದಕ್ಕ. "ಹೂಂ ಹೂಂ" ಎಂದಳು. "ಬಲಕ್ಕೆ ಎರಡಿಂಚು, ಅಲ್ಲ, ಎಡಕ್ಕೆ" ಎಂದಳು. ಕಾರು ಹಿಂದಕ್ಕೆ ಜಾರತೊಡಗಿತು, ಸಾಹೇಬರ ಪೆನ್ಸಿಲು ಕೆಳಗೆ ಬಿತ್ತು. ಆಗ ಅವಳು ಹನ್ನೊಂದು ವರ್ಷ ಲೈಬ್ರರಿಯಲ್ಲಿ ಬಳಸಿದ ತನ್ನದೇ ದನಿಯಲ್ಲಿ, ಮೆಲ್ಲಗೆ, ಆದರೆ ಕೊನೆಯ ಬೆಂಚಿಗೂ ಕೇಳುವ ಹಾಗೆ ಹೇಳಿದಳು: "ದಯವಿಟ್ಟು ಎಲ್ಲರೂ ಒಂದು ನಿಮಿಷ ಸುಮ್ಮನಿರಿ."

ಎಲ್ಲರೂ ಸುಮ್ಮನಾದರು. ಕಾರಿನೊಳಗೆ ಎಂಜಿನ್ನಿನ ಸದ್ದು ಮಾತ್ರ ಉಳಿಯಿತು. ಅದು ಬಟಾಣಿ ಸುಲಿಯುವ ಮೆಟ್ಟಿಲ ಮೇಲೆ ಅತ್ತೆ ಮಾಡಿದ್ದೇ ಸದ್ದು. ಕಾಲು ಬ್ರೇಕಿನ ಮೇಲೆ ನಿಂತಿತು, ಕೈ ಒಂದನೇ ಗೇರಿಗೆ ಹೋಯಿತು, ಗುರ್ರ್ ಸಾಕಷ್ಟು ಏರಿದ ಮೇಲೆ ಕಾರು ಮುಂದಕ್ಕೆ ಸರಿಯಿತು. ನಾಯಿ ಎದ್ದು, ಮೈಮುರಿದು, ದಾರಿ ಬಿಟ್ಟಿತು.

ಕಚೇರಿಯ ಅಂಗಳದಲ್ಲಿ ಇಳಿದ ಸಾಹೇಬರು ಮೊದಲು ಕಾರಿನ ಹಿಂದೆ ಹೋಗಿ ಎರಡು ನಿಮಿಷ ಮನಸಾರೆ ಕೆಮ್ಮಿದರು. ಇಡೀ ದಾರಿ ತಡೆಹಿಡಿದದ್ದು ಅದು. ಆಮೇಲೆ ಹಾಳೆ ತುಂಬಿ ಅವಳ ಕೈಗೆ ಕೊಟ್ಟರು. ಕೆಳಗೆ ಪೆನ್ಸಿಲಿನಲ್ಲಿ ಬರೆದಿತ್ತು: "ಅಭ್ಯರ್ಥಿಯ ಜೊತೆ ಇನ್ನೂ ಮೂವರು ಇದ್ದರು. ನಾಲ್ವರೂ ಪಾಸು." ಗೇಟಿನ ಹೊರಗೆ ನಾದಿನಿ ಸೀಟಿ ಊದಿದ ರಭಸಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದ ಮೂರು ಗಾಡಿಗಳು ನಿಂತವು. ಗಂಡ ಹೆಂಡತಿಯ ಭುಜಕ್ಕೆ ಅಂಟಿದ್ದ ನೂಲಿನ ತುಣುಕು ತೆಗೆದ. ಅವನ ಕಣ್ಣು ಒದ್ದೆಯಾಗಿತ್ತು.

ತರಬೇತಿಯ ಹುಡುಗಿ ಎರಡು ವೃತ್ತದ ಹಾಳೆಗಳನ್ನು ವಾಪಸು ಕೇಳಿದಾಗ ಪುಸ್ತಕದಕ್ಕ ತನ್ನದನ್ನು ತಿದ್ದಿ ಕೊಟ್ಟಳು. ಹೊರಗಿನ ವೃತ್ತದಲ್ಲಿದ್ದ ಮೂವರಿಗೆ ಬಾಣ ಹಾಕಿ ಒಳಗೆ ತಂದಿದ್ದಳು. ಹುಡುಗಿ ಅದರ ಪಕ್ಕದಲ್ಲಿ "ತಪ್ಪು ಜಾಗ" ಎಂದು ಬರೆದು, ಸ್ವಲ್ಪ ಹೊತ್ತು ನೋಡಿ, ಹೊಡೆದುಹಾಕಿದಳು.

ಸೋಮವಾರ ವ್ಯಾನು ಹೊರಟಿತು. ಗಂಡ, ನಾದಿನಿ ಕೆಲಸಕ್ಕೆ ಹೋಗಿದ್ದರು, ಅತ್ತೆ ಮಾತ್ರ ನಾನು ಬಂದೇ ಬರ್ತೀನಿ ಎಂದು ಹಟ ಹಿಡಿದು, ಹಿಂದೆ ಕಪಾಟುಗಳ ನಡುವಿನ ಸೀಟಿನಲ್ಲಿ ಬೆಲ್ಟು ಬಿಗಿದು ಕೂತಿದ್ದರು. ಮಡಿಲಲ್ಲಿ ಯಾವುದೋ ದಪ್ಪ ಪುಸ್ತಕ, ಕಣ್ಣು ಡ್ರೈವರ್ ಕತ್ತಿನ ಮೇಲೆ. ಡ್ರೈವರಣ್ಣ ಅಂಗಳದಲ್ಲಿ ನಿಂತು ಕೈ ಬೀಸಿದ. ಗುಂಡಿ ಕಾರ್ಖಾನೆಯ ಹೆಂಗಸರು ಪುಸ್ತಕದಕ್ಕ ಡ್ರೈವರ್ ಬಾಗಿಲಿನಿಂದ ಇಳಿಯುವುದನ್ನು ನೋಡಿ ಪುಸ್ತಕ ಕೇಳುವುದನ್ನೇ ಮರೆತರು. ಅಲ್ಲಿಂದ ಆಸ್ಪತ್ರೆಗೆ ಉದ್ದದ ನೇರ ರಸ್ತೆ, ಬಿಸಿಲು ಹದವಾಗಿತ್ತು, ವ್ಯಾನು ಮೂರನೇ ಗೇರಿನಲ್ಲಿ ತನ್ನ ಪಾಡಿಗೆ ಹೋಗುತ್ತಿತ್ತು.

ಹಿಂದಿನಿಂದ "ಹೂಂ" ಎಂದು ಕೇಳಿಸಿತು.

ಪುಸ್ತಕದಕ್ಕನ ಕೈ ಗೇರಿನ ಮೇಲೆ ಹೋಗಿ ಕೂತಿತು. ಆದರೆ ಎಂಜಿನ್ ಬೇರೆ ಗೇರು ಕೇಳುತ್ತಿರಲಿಲ್ಲ. ಅವಳು ಕಿವಿಗೊಟ್ಟಳು, ಇನ್ನೊಮ್ಮೆ ಕಿವಿಗೊಟ್ಟಳು, ಸದ್ದು ಎಲ್ಲಿರಬೇಕೋ ಅಲ್ಲೇ ಇತ್ತು. ಮತ್ತೊಂದು ಹೂಂ ಬಂತು, ಮೊದಲಿನದಕ್ಕಿಂತ ಉದ್ದ. ಅವಳು ಕನ್ನಡಿಯಲ್ಲಿ ನೋಡಿದಳು. ಅತ್ತೆಯ ತಲೆ ಅಡುಗೆ ಪುಸ್ತಕಗಳ ಕಪಾಟಿಗೆ ಒರಗಿತ್ತು, ಬಾಯಿ ಅರ್ಧ ತೆರೆದಿತ್ತು, ಕಣ್ಣು ಎರಡೂ ಮುಚ್ಚಿದ್ದವು. ಅತ್ತೆ ಗೊರಕೆ ಹೊಡೆಯುತ್ತಿದ್ದರು.

ಪುಸ್ತಕದಕ್ಕ ಗೇರಿನ ಮೇಲಿಂದ ಕೈ ತೆಗೆದು ಸ್ಟೀರಿಂಗಿನ ಮೇಲಿಟ್ಟಳು. ಆಸ್ಪತ್ರೆಯ ಹಿಂದಿನ ಗೇಟಿನವರೆಗೂ ಮೂರನೇ ಗೇರಿನಲ್ಲೇ ಹೋದಳು, ರಸ್ತೆಯ ಗುಂಡಿಗಳನ್ನು ಒಂದೊಂದಿಂಚು ತಪ್ಪಿಸುತ್ತಾ, ಅತ್ತೆಗೆ ಎಚ್ಚರವಾಗದ ಹಾಗೆ.